ಔಷಧಿಗೆ ಬಗ್ಗದ ಸಸ್ಯಹೇನು



ಕೆಲವು ವರ್ಷಗಳ ಹಿಂದೆ ಹಾವೇರಿ ಕಡೆಯ ಮೆಣಸಿನಕಾಯಿ ಬೆಳೆಗಾರರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಒಂದು ಕೈಯಲ್ಲಿ ಅರ್ಧ ಖಾಲಿಯಾದ ಕೀಟನಾಶಕದ ಬಾಟಲಿ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕಾರು ಮೆಣಸಿನ ಕುಡಿಗಳು. ಎಲೆಗಳ ಹಿಂಬದಿಯಲ್ಲಿ ಹೇನುಗಳು ಗಿಜಿಗುಟ್ಟುತ್ತಿದ್ದವು. "ಸಾಹೇಬ್ರ, ಅಂಗಡ್ಯಾಂವ ನಕಲಿ ಎಣ್ಣಿ ಕೊಟ್ಟಾನ್ರಿ. ಹೋದ ವರ್ಷ ಇದ ಎಣ್ಣಿ ಹೊಡದಿದ್ದೆ, ಮರುದಿನಾನ ಹೇನು ಉದುರಿ ಬಿದ್ದಿದ್ವು. ಈ ಸಲ ನಾಕು ಸರ್ತಿ ಹೊಡದೇನಿ, ಒಂದೂ ಸಾಯವಲ್ಲದು" ಎಂದರು. ನಾಲ್ಕು ಸಿಂಪರಣೆಯ ಹಣವೂ ಅಂಗಡಿಯ ಸಾಲದ ಪುಸ್ತಕದಲ್ಲಿತ್ತು.

ಅವರ ಸಂಶಯ ಸಹಜವಾದುದೇ. ನಕಲಿ ಔಷಧಿ ಮಾರುವವರು ಇಲ್ಲವೆಂದು ನಾನು ಹೇಳಲಾರೆ. ಆದರೆ ಆ ದಿನ ನಾವು ಒಂದು ಸಣ್ಣ ಪರೀಕ್ಷೆ ಮಾಡಿದೆವು. ಅವರ ಮನೆಯ ಹಿತ್ತಲಿನಲ್ಲಿ ಎಂದೂ ಔಷಧಿ ಕಾಣದ ನಾಲ್ಕು ಮೆಣಸಿನ ಗಿಡಗಳಿದ್ದವು. ಆ ಗಿಡಗಳ ಹೇನನ್ನೂ ಹೊಲದ ಹೇನನ್ನೂ ತರಿಸಿ, ಅದೇ ಬಾಟಲಿಯ ದ್ರಾವಣದಲ್ಲಿ ಎಲೆಗಳನ್ನು ಅದ್ದಿ ಇಟ್ಟೆವು. ಮರುದಿನ ನೋಡಿದಾಗ ಹಿತ್ತಲಿನ ಹೇನುಗಳು ಸತ್ತಿದ್ದವು, ಹೊಲದ ಹೇನುಗಳು ಓಡಾಡಿಕೊಂಡಿದ್ದವು. ಬಾಟಲಿಯಲ್ಲಿದ್ದುದು ಅಸಲು ಔಷಧಿಯೇ. ಬದಲಾಗಿದ್ದುದು ಹೇನು. ಇದನ್ನೇ ನಾವು ಕೀಟಗಳ ನಿರೋಧಕ ಶಕ್ತಿ ಎಂದು ಕರೆಯುತ್ತೇವೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ದೂರು ಬಂದಾಗ "ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಿ ನೋಡಿ" ಎಂದು ಹೇಳಿ ಕಳುಹಿಸಿದ್ದುಂಟು. ಅದು ತಪ್ಪು ಸಲಹೆಯಾಗಿತ್ತು. ಏಕೆ ತಪ್ಪು ಎಂಬುದನ್ನು ತಿಳಿಯಬೇಕಾದರೆ ಮೊದಲು ಹೇನಿನ ಸಂಸಾರವನ್ನು ಅರಿಯಬೇಕು.

ಗಂಡಿಲ್ಲದ ವಂಶ

ನಮ್ಮಂಥ ಬೆಚ್ಚನೆಯ ಪ್ರದೇಶದ ಹೊಲಗಳಲ್ಲಿ ಕಾಣುವ ಸಸ್ಯಹೇನುಗಳು ಬಹುಮಟ್ಟಿಗೆ ಎಲ್ಲವೂ ಹೆಣ್ಣುಗಳೇ. ಗಂಡಿನ ಸಂಪರ್ಕವಿಲ್ಲದೆ ಇವು ನೇರವಾಗಿ ಮರಿ ಹಾಕುತ್ತವೆ. ತಾಯಿಯ ಹೊಟ್ಟೆಯಲ್ಲಿರುವ ಮರಿಯ ಹೊಟ್ಟೆಯಲ್ಲಿ ಆಗಲೇ ಮೊಮ್ಮರಿ ಬೆಳೆಯಲು ಆರಂಭಿಸಿರುತ್ತದೆ. ಹುಟ್ಟಿದ ಮರಿ ನಾಲ್ಕು ಬಾರಿ ಪೊರೆ ಕಳಚಿ, ಹವೆ ಅನುಕೂಲವಿದ್ದರೆ ವಾರ ಹತ್ತು ದಿನಗಳಲ್ಲಿ ತಾನೇ ತಾಯಿಯಾಗುತ್ತದೆ. ಎಲೆಗಳ ಮೇಲೆ ಕಾಣುವ ಬಿಳಿ ಹೊಟ್ಟಿನಂಥ ಚೂರುಗಳು ಹೀಗೆ ಕಳಚಿದ ಪೊರೆಗಳು. ಅವನ್ನು ನೋಡಿ ಹೇನು ಸತ್ತಿವೆಯೆಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ವಾಸ್ತವವಾಗಿ ಅದು ಹೇನು ಬೆಳೆಯುತ್ತಿರುವುದರ ಗುರುತು. ಗಿಡದಲ್ಲಿ ಸಂದಣಿ ಹೆಚ್ಚಾದಾಗ ರೆಕ್ಕೆಯಿರುವ ಹೇನುಗಳು ಹುಟ್ಟಿ ಪಕ್ಕದ ಹೊಲಕ್ಕೆ ಹಾರುತ್ತವೆ.

ಕಬ್ಬಿನ ತುಂಡು ನೆಟ್ಟರೆ ಅದೇ ತಳಿಯ ಕಬ್ಬೇ ಬರುವಂತೆ, ಇಲ್ಲಿ ತಾಯಿಯ ಗುಣಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ ಮಗಳಿಗೆ ಬರುತ್ತವೆ. ಔಷಧಿಯನ್ನು ತಡೆದುಕೊಳ್ಳುವ ಗುಣವಿರುವ ಒಂದೇ ಒಂದು ಹೇನು ಸಿಂಪರಣೆಯಿಂದ ಪಾರಾದರೂ ಸಾಕು, ಅದರ ಸಂತಾನಕ್ಕೆಲ್ಲ ಆ ಗುಣ ಇರುತ್ತದೆ. ಅದನ್ನು ಕಲಬೆರಕೆ ಮಾಡಿ ದುರ್ಬಲಗೊಳಿಸಲು ಗಂಡು ಹೇನು ಇಲ್ಲ.

ನಾವೇ ಆರಿಸಿದ ಬೀಜ

ಒಂದು ತಪ್ಪು ಕಲ್ಪನೆಯನ್ನು ಇಲ್ಲಿ ತೆಗೆದುಹಾಕಬೇಕು. ಹೇನಿಗೆ ಔಷಧಿ 'ರೂಢಿಯಾಯಿತು' ಎಂದು ಅನೇಕರು ಹೇಳುತ್ತಾರೆ. ಕುಡಿಯುವವನಿಗೆ ಸಾರಾಯಿ ರೂಢಿಯಾದಂತೆ ಒಂದೊಂದು ಹೇನೂ ಔಷಧಿಗೆ ಒಗ್ಗಿಕೊಳ್ಳುವುದಿಲ್ಲ. ತಡೆಯುವ ಗುಣವುಳ್ಳ ಕೆಲವೇ ಹೇನುಗಳು ಹೊಲದಲ್ಲಿ ಮೊದಲಿನಿಂದಲೂ ಇರುತ್ತವೆ. ಔಷಧಿಯು ಉಳಿದವನ್ನು ಕೊಂದು ಇವಕ್ಕೆ ಜಾಗ ಮಾಡಿಕೊಡುತ್ತದೆ. ನೀವು ಬೀಜಕ್ಕೆಂದು ಜೋಳದ ದಪ್ಪ ತೆನೆಗಳನ್ನೇ ಆರಿಸಿ ಇಡುತ್ತೀರಲ್ಲವೇ? ಸಿಂಪರಣೆಯೂ ಹಾಗೆಯೇ ಗಟ್ಟಿ ಹೇನುಗಳನ್ನು ಆರಿಸಿ ಬೀಜಕ್ಕೆ ಇಡುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಇದು ವಿಷಯ ತಿಳಿಯಲೆಂದು ಇಟ್ಟುಕೊಂಡ ಲೆಕ್ಕ, ಯಾವುದೇ ಹೊಲದಲ್ಲಿ ಎಣಿಸಿದ್ದಲ್ಲ. ನಿಮ್ಮ ಹೊಲದ ಒಂದು ಮೂಲೆಯಲ್ಲಿ 10,000 ಹೇನುಗಳಿವೆ ಎನ್ನಿ. ಅವುಗಳಲ್ಲಿ ಔಷಧಿಯನ್ನು ತಡೆಯುವಂಥವು 10 ಮಾತ್ರ. ಸಾಮಾನ್ಯ ಹೇನುಗಳಲ್ಲಿ ಔಷಧಿಯು ನೂರಕ್ಕೆ 95ನ್ನು ಕೊಲ್ಲುತ್ತದೆ, ಈ ಹತ್ತನ್ನು ಕೊಲ್ಲುವುದಿಲ್ಲ. ಮೊದಲನೆಯ ಸಿಂಪರಣೆಯಲ್ಲಿ ಸುಮಾರು 9,490 ಸಾಯುತ್ತವೆ. ಉಳಿಯುವುದು 500 ಸಾಮಾನ್ಯ ಹೇನು, 10 ನಿರೋಧಕ ಹೇನು. ನೀವು ಸಂತೋಷಪಡುತ್ತೀರಿ, ಅದು ನ್ಯಾಯವೇ.

ಉಳಿದ ಹೇನುಗಳು ಮರಿ ಹಾಕಿ ಮತ್ತೆ 10,000 ಆಗುವ ಹೊತ್ತಿಗೆ ನಿರೋಧಕ ಹೇನುಗಳು ಸುಮಾರು 200 ಇರುತ್ತವೆ. ಎರಡನೆಯ ಸಲ ಅದೇ ಔಷಧಿ ಹೊಡೆದರೆ 9,300ರಷ್ಟು ಸಾಯುತ್ತವೆ. ಇನ್ನೂ ಸಂತೋಷವೇ. ಆದರೆ ಮತ್ತೆ 10,000 ತುಂಬಿದಾಗ ಅವುಗಳಲ್ಲಿ 2,900 ನಿರೋಧಕ. ಮೂರನೆಯ ಸಿಂಪರಣೆಯಲ್ಲಿ 6,700ರಷ್ಟು ಸಾಯುತ್ತವೆ. 'ಈ ಸಲ ಔಷಧಿ ಸ್ವಲ್ಪ ಸಪ್ಪೆ' ಅನ್ನಿಸುತ್ತದೆ. ನಾಲ್ಕನೆಯ ಸಲಕ್ಕೆ 10,000ದಲ್ಲಿ 8,900 ನಿರೋಧಕ ಹೇನುಗಳೇ ಇರುತ್ತವೆ. ಸಾಯುವುದು ಸಾವಿರ ಮಾತ್ರ.

ಎರಡನೆಯ ಸಿಂಪರಣೆಯವರೆಗೆ ಹೊಲದಲ್ಲಿ ಏನೂ ತೋರುವುದಿಲ್ಲ, ಅಮೇಲೆ ಎರಡೇ ಹೆಜ್ಜೆಯಲ್ಲಿ ಔಷಧಿ ಕೈಕೊಡುತ್ತದೆ. ಹೋದ ವರ್ಷ ಕೆಲಸ ಮಾಡಿದ ಔಷಧಿ ಈ ವರ್ಷ ನಕಲಿಯಂತೆ ಕಾಣುವುದು ಇದರಿಂದಲೇ. ಪ್ರಮಾಣ ಹೆಚ್ಚಿಸಿದರೆ ಅಳಿದುಳಿದ ಸಾಮಾನ್ಯ ಹೇನುಗಳೂ ಹೋಗಿ, ಅತಿ ಗಟ್ಟಿಯಾದುವು ಮಾತ್ರ ವಂಶಕ್ಕೆ ಉಳಿಯುತ್ತವೆ. ಜೊತೆಗೆ ಹೇನನ್ನು ತಿನ್ನುವ ಉಪಕಾರಿ ಕೀಟಗಳೂ ಸಾಯುತ್ತವೆ. ನಾನು ಹಿಂದೆ ಕೊಟ್ಟ ಸಲಹೆಯ ದೋಷ ಇದು.

ಹೇನಿನ ಮೈಯೊಳಗೆ

ಈ ಸಮಸ್ಯೆ ಹೊಸದಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹಣ್ಣಿನ ತೋಟಗಳಲ್ಲಿ ಸುಣ್ಣ-ಗಂಧಕದ ದ್ರಾವಣಕ್ಕೆ ಸ್ಯಾನ್ ಹೋಸೆ ಶಲ್ಕ ಕೀಟ ಸಾಯದಿರುವುದನ್ನು ಕಂಡು, ಕೀಟಗಳು ಔಷಧಿಗೆ ನಿರೋಧಕವಾಗಬಲ್ಲವೇ ಎಂಬ ಪ್ರಶ್ನೆಯನ್ನು ಮೆಲಾಂಡರ್ ಎಂಬ ವಿಜ್ಞಾನಿ 1914ರಲ್ಲೇ ಎತ್ತಿದರು. ಅದೇ ರಾಜ್ಯದಿಂದ 1955ರಲ್ಲಿ, ಸಾವಯವ ರಂಜಕದ ಕೀಟನಾಶಕಗಳಿಗೆ ಪೀಚ್ ಹಸಿರು ಹೇನು ಬಗ್ಗುತ್ತಿಲ್ಲವೆಂಬ ವರದಿ ಬಂತು. ಪೀಚ್ ಮರ ನಮ್ಮಲ್ಲಿ ಅಪರೂಪವಾದರೂ ಈ ಹೇನು ಅಪರೂಪವಲ್ಲ. ಮೆಣಸಿನಕಾಯಿ, ಆಲೂಗಡ್ಡೆ, ತಂಬಾಕು, ಕೋಸು ಮುಂತಾದ ನೂರಾರು ಗಿಡಗಳ ಮೇಲೆ ಇದು ಬದುಕುತ್ತದೆ. ಹತ್ತಿ, ಬೆಂಡೆ, ಬದನೆ, ಮೆಣಸಿನಕಾಯಿಗಳಿಗೆ ಬರುವ ಹತ್ತಿಯ ಹೇನಿನಲ್ಲಿಯೂ ನಿರೋಧಕ ಶಕ್ತಿ ನಮ್ಮ ದೇಶವೂ ಸೇರಿದಂತೆ ಅನೇಕ ಕಡೆ ಕಂಡುಬಂದಿದೆ.

ಹೇನು ವಿಷವನ್ನು ಹೇಗೆ ಜೀರ್ಣಿಸಿಕೊಳ್ಳುತ್ತದೆ ಎಂಬುದನ್ನು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಡೆವನ್‌ಶೈರ್ ಮತ್ತು ಸವಿಕಿ ಎಂಬ ವಿಜ್ಞಾನಿಗಳು 1979ರಲ್ಲಿ ವಿವರಿಸಿದರು. ಹೇನಿನ ದೇಹದಲ್ಲಿ ಎಸ್ಟರೇಸ್ ಎಂಬ ಕಿಣ್ವವಿದೆ. ಅದು ವಿಷದ ಕಣವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಒಡೆಯುತ್ತದೆ. ಸಾಮಾನ್ಯ ಹೇನಿನಲ್ಲಿ ಈ ಕಿಣ್ವ ಅಲ್ಪ. ನಿರೋಧಕ ಹೇನಿನಲ್ಲಿ ಕಿಣ್ವವನ್ನು ತಯಾರಿಸುವ ವಂಶವಾಹಿ ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಎಂಬಂತೆ ನಕಲಾಗಿ ಹೆಚ್ಚಿರುತ್ತದೆ. ಅತಿ ಗಟ್ಟಿ ಹೇನುಗಳಲ್ಲಿ ಸುಮಾರು 80 ಪ್ರತಿಗಳವರೆಗೆ ಇರುವುದು ಮುಂದೆ ತಿಳಿದುಬಂತು. ಇಂಥ ಹೇನಿನ ದೇಹದ ಪ್ರೋಟೀನಿನಲ್ಲಿ ಸುಮಾರು ನೂರನೆಯ ಒಂದು ಭಾಗ ಈ ಕಿಣ್ವವೇ. ವಿಷ ನರಗಳನ್ನು ಮುಟ್ಟುವ ಮೊದಲೇ ದಾರಿಯಲ್ಲಿ ಹೀರಿಹೋಗುತ್ತದೆ.

ಇನ್ನೊಂದು ಉಪಾಯವೆಂದರೆ ಬೀಗವನ್ನೇ ಬದಲಿಸುವುದು. ಹೆಚ್ಚಿನ ಕೀಟನಾಶಕಗಳು ಕೀಟದ ನರಮಂಡಲದ ಯಾವುದೋ ಒಂದು ಸ್ಥಳಕ್ಕೆ, ಬೀಗಕ್ಕೆ ಕೀಲಿ ಕೂಡುವಂತೆ, ಕೂಡಿಕೊಂಡು ಕೊಲ್ಲುತ್ತವೆ. ಆ ಸ್ಥಳದ ರಚನೆ ತುಸು ಬದಲಾದರೆ ಕೀಲಿ ಕೂಡುವುದಿಲ್ಲ. ಇಮಿಡಾಕ್ಲೋಪ್ರಿಡ್ 1991ರಲ್ಲಿ ಮಾರುಕಟ್ಟೆಗೆ ಬಂದಾಗ ರಸ ಹೀರುವ ಕೀಟಗಳ ಕಾಟ ಮುಗಿಯಿತೆಂದೇ ಹಲವರು ಭಾವಿಸಿದ್ದರು. 2009ರಲ್ಲಿ ದಕ್ಷಿಣ ಫ್ರಾನ್ಸಿನ ಪೀಚ್ ತೋಟವೊಂದರಿಂದ ತಂದ ಹೇನುಗಳಲ್ಲಿ ಬೀಗವೇ ಬದಲಾಗಿತ್ತು.

ತಂಬಾಕಿನ ಕಥೆ ಇನ್ನೂ ಸ್ವಾರಸ್ಯಕರ. ತಂಬಾಕಿನ ಎಲೆಯಲ್ಲಿರುವ ನಿಕೋಟಿನ್ ಕೀಟಗಳಿಗೆ ವಿಷ. ನಮ್ಮ ಹಿರಿಯರು ಹೇನಿಗೆ ತಂಬಾಕಿನ ಕಷಾಯ ಹೊಡೆಯುತ್ತಿದ್ದುದು ಇದಕ್ಕಾಗಿಯೇ. ಆದರೆ ತಂಬಾಕಿನ ಗಿಡದಲ್ಲೇ ಬಾಳುವ ಹೇನು ನಿಕೋಟಿನನ್ನು ಒಡೆಯುವ ಕಿಣ್ವವನ್ನು ಬಹಳ ಕಾಲದ ಹಿಂದೆಯೇ ಹೆಚ್ಚಿಸಿಕೊಂಡಿತ್ತು. ಇಮಿಡಾಕ್ಲೋಪ್ರಿಡ್ ಮುಂತಾದುವು ನಿಕೋಟಿನ್ ಕೆಲಸ ಮಾಡುವ ಜಾಗದಲ್ಲೇ ಕೆಲಸ ಮಾಡುವ ಔಷಧಿಗಳಾದ್ದರಿಂದ, ಅದೇ ಕಿಣ್ವ ಇವನ್ನೂ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಬಾಟಲಿ ಬೇರೆ, ಗುಂಪು ಒಂದೇ

ಹಾವೇರಿಯ ಆ ಬೆಳೆಗಾರರಿಗೆ ನಾನು ಕೇಳಿದೆ: "ನಾಲ್ಕು ಸಲವೂ ಇದೇ ಔಷಧಿಯೇ?" "ಇಲ್ರಿ, ಬದಲ ಮಾಡೇ ಹೊಡದೇನಿ" ಎಂದು ಅವರು ಖಾಲಿ ಬಾಟಲಿಗಳನ್ನೂ ತಂದು ತೋರಿಸಿದರು. ಹೆಸರು, ಬಣ್ಣ, ಕಂಪನಿ ಎಲ್ಲ ಬೇರೆಬೇರೆ. ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿದ್ದುದನ್ನು ಓದಿದಾಗ ಎರಡು ಇಮಿಡಾಕ್ಲೋಪ್ರಿಡ್, ಒಂದು ಥಯಾಮೆಥಾಕ್ಸಾಮ್, ಒಂದು ಅಸಿಟಾಮಿಪ್ರಿಡ್. ಇವು ಮೂರೂ ನಿಯೋನಿಕೋಟಿನಾಯ್ಡ್ ಎಂಬ ಒಂದೇ ಗುಂಪಿನವು, ಮೂರಕ್ಕೂ ಬೀಗ ಒಂದೇ. ಹೇನಿನ ದೃಷ್ಟಿಯಲ್ಲಿ ಅವರು ನಾಲ್ಕು ಸಲವೂ ಒಂದೇ ಔಷಧಿ ಹೊಡೆದಿದ್ದರು.

ಆದುದರಿಂದ ದೊಡ್ಡ ಅಕ್ಷರದ ವ್ಯಾಪಾರದ ಹೆಸರನ್ನು ಬಿಟ್ಟು, ಚೀಟಿಯ ಮೇಲಿನ ತಾಂತ್ರಿಕ ಹೆಸರನ್ನು ಓದುವ ರೂಢಿ ಮಾಡಿಕೊಳ್ಳಿ. ಮೇಲಿನ ಮೂರರ ಜೊತೆಗೆ ಕ್ಲೋಥಿಯಾನಿಡಿನ್, ಡೈನೋಟೆಫ್ಯೂರಾನ್ ಕೂಡ ಅದೇ ಗುಂಪು. ಡೈಮಿಥೋಯೇಟ್, ಅಸಿಫೇಟ್, ಪ್ರೊಫೆನೊಫಾಸ್ ಸಾವಯವ ರಂಜಕದ ಗುಂಪು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹ್ಯಾಲೋಥ್ರಿನ್ ಪೈರಿಥ್ರಾಯಿಡ್ ಗುಂಪು. ಹೇನಿಗೆಂದು ಇವನ್ನು ಆಶ್ರಯಿಸದಿರುವುದೇ ಲೇಸು, ಏಕೆಂದರೆ ಇವು ಉಪಕಾರಿ ಕೀಟಗಳನ್ನು ಗುಡಿಸಿಹಾಕುತ್ತವೆ. ಫ್ಲೋನಿಕಾಮಿಡ್ ಬೇರೆಯೇ ಒಂದು ಗುಂಪು. ಚೀಟಿಯಲ್ಲಿರುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಮನುಷ್ಯನಿಗೆ ಎಷ್ಟು ವಿಷವೆಂಬುದನ್ನು ತಿಳಿಸುತ್ತವೆಯೇ ಹೊರತು ಗುಂಪನ್ನಲ್ಲ. ಬಣ್ಣ ಬದಲಾದರೆ ಗುಂಪು ಬದಲಾಯಿತೆಂದು ತಿಳಿಯಬೇಡಿ.

ಹತ್ತಿ ಬೆಳೆಗಾರರಿಗೆ ಇನ್ನೊಂದು ಮಾತು. ಬಿಟಿ ಹತ್ತಿಯ ಗುಣ ಕಾಯಿಕೊರಕದ ವಿರುದ್ಧ ಮಾತ್ರ, ಹೇನಿಗೆ ಅದು ಏನೂ ಮಾಡದು. ಆ ಬೀಜಕ್ಕೆ ಬಣ್ಣದ ಲೇಪನವಿರುತ್ತದಲ್ಲ, ಅದರಲ್ಲಿ ಸಾಮಾನ್ಯವಾಗಿ ಇಮಿಡಾಕ್ಲೋಪ್ರಿಡ್ ಇರುತ್ತದೆ. ಅಂದರೆ ಬಿತ್ತಿದ ದಿನವೇ ಒಂದು ಸಿಂಪರಣೆ ಆದ ಲೆಕ್ಕ. ಮೊದಲ ಕೆಲವು ವಾರ ಗಿಡವನ್ನು ಕಾಯುವುದು ಅದೇ. ಬಳಿಕ ಹೇನು ಕಂಡಾಗ ಮತ್ತೆ ಅದೇ ಗುಂಪಿನ ಔಷಧಿ ಹೊಡೆದರೆ, ಬೀಜದಲ್ಲಿದ್ದ ವಿಷವನ್ನು ಗೆದ್ದು ಬಂದ ಹೇನಿನ ಮೇಲೆ ಅದನ್ನೇ ಪ್ರಯೋಗಿಸಿದಂತಾಗುತ್ತದೆ.

ಎರಡು ಮೂರು ಔಷಧಿಗಳನ್ನು ಒಂದೇ ಪಂಪಿನಲ್ಲಿ ಕಲಸಿ ಹೊಡೆಯುವ ಪದ್ಧತಿಯೂ ಹೆಚ್ಚುತ್ತಿದೆ. ಅಂಗಡಿಯಲ್ಲಿ ಇದಕ್ಕೆ ಉತ್ತೇಜನ ಸಿಗುತ್ತದೆ, ಏಕೆಂದು ಹೇಳಬೇಕಾಗಿಲ್ಲ. ಒಂದೇ ಗುಂಪಿನ ಎರಡನ್ನು ಕಲಸಿದರೆ ಖರ್ಚಲ್ಲದೆ ಬೇರೆ ಫಲವಿಲ್ಲ. ಬೇರೆ ಗುಂಪಿನವನ್ನು ಕಲಸಿದರೆ ಮುಂದೆ ಬದಲಿಸಲು ಇಟ್ಟುಕೊಳ್ಳಬೇಕಾದ ಔಷಧಿಯನ್ನೂ ಇಂದೇ ಕಳೆದುಕೊಳ್ಳುವ ದಾರಿ ಹಿಡಿದಂತೆ.

ನೀವೇ ಪರೀಕ್ಷಿಸಬಹುದು

ಹೇನು ಸಾಯಲಿಲ್ಲವೆಂದ ಮಾತ್ರಕ್ಕೆ ನಿರೋಧಕ ಶಕ್ತಿಯೇ ಕಾರಣವೆಂದು ಹೇಳಲಾಗದು. ಹೇನು ಎಲೆಯ ಹಿಂಬದಿಯಲ್ಲಿರುತ್ತದೆ, ನಮ್ಮ ಆಳುಗಳು ಹೊಡೆಯುವುದು ಎಲೆಯ ಮೇಲೆ. ಸವೆದ ನಾಝಲ್, ಕಡಿಮೆ ನೀರು, ಹೊಡೆದ ಗಂಟೆಯೊಳಗೆ ಬಂದ ಮಳೆ, ಅವಧಿ ಮೀರಿದ ಔಷಧಿ, ಇವೂ ಕಾರಣಗಳೇ. ಮೊದಲು ಇವನ್ನು ನೋಡಿ. ಆಮೇಲೂ ಸಂಶಯ ಉಳಿದರೆ ನಾವು ಕಚೇರಿಯಲ್ಲಿ ಮಾಡಿದ ಪರೀಕ್ಷೆಯನ್ನು ನೀವೂ ಮಾಡಬಹುದು.

ಕೈಗವಸು ಹಾಕಿಕೊಂಡು, ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿಯೇ ಒಂದು ಲೀಟರ್ ದ್ರಾವಣ ತಯಾರಿಸಿ. ಅಡಿಗೆಗೆ ಬಳಸುವ ಪಾತ್ರೆ ಬೇಡ. ಹೇನಿರುವ ನಾಲ್ಕೈದು ಎಲೆಗಳನ್ನು ದ್ರಾವಣದಲ್ಲಿ ಹತ್ತು ಸೆಕೆಂಡು ಮೆಲ್ಲಗೆ ಅದ್ದಿ, ನೆರಳಿನಲ್ಲಿ ಆರಿಸಿ, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿ. ಇನ್ನು ನಾಲ್ಕೈದು ಎಲೆಗಳನ್ನು ಬರಿ ನೀರಿನಲ್ಲಿ ಅದ್ದಿ ಬೇರೆ ಡಬ್ಬಿಯಲ್ಲಿಡಿ. ಸಾಧ್ಯವಾದರೆ ಔಷಧಿ ಹೊಡೆಯದ ಹಿತ್ತಲಿನ ಅದೇ ಬೆಳೆಯ ಎಲೆಗಳನ್ನೂ ದ್ರಾವಣದಲ್ಲಿ ಅದ್ದಿ ಮೂರನೆಯ ಡಬ್ಬಿ ಮಾಡಿ. ಮರುದಿನ ಹೇನನ್ನು ಕಡ್ಡಿಯ ತುದಿಯಿಂದ ಮುಟ್ಟಿ, ಅಲುಗಾಡದಿರುವುದನ್ನು ಸತ್ತಿದೆಯೆಂದು ಎಣಿಸಿ. ನೀರಿನ ಡಬ್ಬಿಯಲ್ಲೂ ಬಹಳ ಸತ್ತಿದ್ದರೆ ಆ ಪರೀಕ್ಷೆ ಕೆಟ್ಟಿತು, ಮತ್ತೆ ಮಾಡಬೇಕು. ಹಿತ್ತಲಿನವು ಸತ್ತು ಹೊಲದವು ಬದುಕಿದ್ದರೆ ನಿರೋಧಕ ಶಕ್ತಿಯೇ ಇರಬಹುದು. ಎರಡೂ ಬದುಕಿದ್ದರೆ ಔಷಧಿಯನ್ನು ಸಂಶಯಿಸಿ ಕೃಷಿ ಇಲಾಖೆಗೆ ದೂರು ಕೊಡಿ. ಎರಡೂ ಸತ್ತರೆ ದೋಷ ನಿಮ್ಮ ಸಿಂಪರಣೆಯಲ್ಲಿದೆ.

ಫ್ಲೋನಿಕಾಮಿಡ್‌ಗೆ ಈ ಒಂದು ದಿನದ ಲೆಕ್ಕ ಸಲ್ಲದು. ಅದು ಹೇನು ರಸ ಹೀರುವುದನ್ನು ನಿಲ್ಲಿಸುತ್ತದೆ, ಹೇನು ಹಸಿದು ಸಾಯಲು ಕೆಲವು ದಿನ ಹಿಡಿಯುತ್ತದೆ. ಹೇನು ಇನ್ನೂ ಗಿಡದ ಮೇಲೇ ಇದೆಯೆಂದು ಮರುದಿನವೇ ಇನ್ನೊಂದು ಔಷಧಿ ಹೊಡೆದು ಹಣ ಕಳೆದುಕೊಂಡವರನ್ನು ನೋಡಿದ್ದೇನೆ.

ನಿರೋಧಕ ಶಕ್ತಿ ಇಲ್ಲದ ವೈರಿ

2002ರಲ್ಲಿ ಮಹಾರಾಷ್ಟ್ರದಲ್ಲಿಯೂ ನಮ್ಮ ಉತ್ತರ ಕರ್ನಾಟಕದಲ್ಲಿಯೂ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆಳೆತ್ತರದ ಕಬ್ಬಿನೊಳಗೆ ಹೊಕ್ಕು ಔಷಧಿ ಹೊಡೆಯುವುದೇ ಅಸಾಧ್ಯವಾಗಿತ್ತು. ಕೊನೆಗೆ ಆ ಹೇನನ್ನು ಹತೋಟಿಗೆ ತಂದುದರಲ್ಲಿ ದೊಡ್ಡ ಪಾಲು ಡೈಫಾ ಪತಂಗದ ಮರಿಹುಳು, ಮೈಕ್ರೋಮಸ್ ಮತ್ತು ಎನ್‌ಕಾರ್ಸಿಯಾ ಎಂಬ ಪರಾವಲಂಬಿ ಕಣಜ, ಈ ಮೂರು ಉಪಕಾರಿ ಕೀಟಗಳದು. ಔಷಧಿ ಹೊಡೆಯದೆ ಬಿಟ್ಟ ತೋಟಗಳಲ್ಲಿ ಇವು ಬೆಳೆದವು.

ನಿಮ್ಮ ಹೊಲದಲ್ಲಿಯೂ ಗುಲಗಂಜಿ ಹುಳು, ಅದರ ಮೊಸಳೆಯಾಕಾರದ ಮರಿ, ಸಿರ್ಫಿಡ್ ನೊಣದ ಮರಿ, ಕ್ರೈಸೋಪರ್ಲಾ ಇವೆ. ಮರಿಯನ್ನು ಪೀಡೆಯೆಂದು ತಿಳಿದು ಹೊಸಕಿ ಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ಎಲೆಗೆ ಅಂಟಿಕೊಂಡ ಹೇನು ಕಂಡರೆ ಅದರೊಳಗೆ ಕಣಜದ ಮರಿ ಬೆಳೆಯುತ್ತಿದೆಯೆಂದು ತಿಳಿಯಿರಿ. ಗುಲಗಂಜಿ ಹುಳುವಿಗೆ ನಿರೋಧಕ ಹೇನು, ಸಾಮಾನ್ಯ ಹೇನು ಎಂಬ ಭೇದವಿಲ್ಲ. ಅಷ್ಟೇ ಅಲ್ಲ, ಹೇನನ್ನು ವೈರಿ ಹಿಡಿದಾಗ ಅದು ಬೆನ್ನ ಹಿಂದಿನ ಎರಡು ಕೊಳವೆಗಳಿಂದ ವಾಸನೆಯ ದ್ರವ ಬಿಟ್ಟು ನೆರೆಯವರನ್ನು ಎಚ್ಚರಿಸುತ್ತದೆ. ಪೀಚ್ ಹಸಿರು ಹೇನಿನಲ್ಲಿ ಬಹಳ ನಿರೋಧಕವಾದವು ಈ ಎಚ್ಚರಿಕೆಗೆ ಬೇಗ ಓಗೊಡುವುದಿಲ್ಲವೆಂದು ರೊಥಾಮ್‌ಸ್ಟೆಡ್‌ನಲ್ಲಿ ಕಂಡುಬಂದಿದೆ. ಔಷಧಿಯನ್ನು ಗೆಲ್ಲುವ ಶಕ್ತಿಗೆ ಹೇನು ತೆರುವ ಬೆಲೆ ಇದು. ಔಷಧಿಯನ್ನು ಕೆಲಕಾಲ ನಿಲ್ಲಿಸಿದಾಗ ಕೆಲವು ಹೇನು ತಳಿಗಳಲ್ಲಿ ನಿರೋಧಕ ಗುಣ ಇಳಿದುದೂ ಇದೆ. ಒಂದು ಗುಂಪಿಗೆ ರಜೆ ಕೊಡಿ ಎಂದು ನಾವು ಹೇಳುವುದು ಇದರ ಆಧಾರದ ಮೇಲೆ.

ಹತ್ತಿಯ ಸುತ್ತ ಅಥವಾ ನಡುವೆ ಅಲಸಂದೆಯ ಸಾಲುಗಳನ್ನು ಬಿತ್ತಿದರೆ ಅದಕ್ಕೆ ಬರುವ ಕರಿ ಹೇನನ್ನು ತಿಂದು ಗುಲಗಂಜಿ ಹುಳು ಹೆಚ್ಚುತ್ತದೆ, ನಂತರ ಹತ್ತಿಗೆ ಬರುತ್ತದೆ. ಯೂರಿಯಾ ಮಿತಿಮೀರಿದರೆ ಎಲೆ ರಸಭರಿತವಾಗಿ ಹೇನಿಗೆ ಹಬ್ಬ. ಮೊದಲು ಕಾಣುವ ಕೆಲವೇ ಗಿಡಗಳ ಕುಡಿಗಳನ್ನು ಚಿವುಟಿ ನಾಶಮಾಡಿ. ಹೇನು ಹರಡುವ ಸೂಚನೆ ಕಂಡರೆ ಮೊದಲ ಸಿಂಪರಣೆಗೆ ಶೇ. 5ರ ಬೇವಿನ ಬೀಜದ ಕಷಾಯ ಸಾಕು: 5 ಕಿಲೋ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ 100 ಲೀಟರ್ ಮಾಡಿಕೊಳ್ಳಬೇಕು. ಅದಕ್ಕೂ ಬಗ್ಗದಿದ್ದರೆ ಮಾತ್ರ ರಾಸಾಯನಿಕ. ಒಂದು ಗುಂಪನ್ನು ಹೊಡೆದ ಮೇಲೆ ಮುಂದಿನ ಸಿಂಪರಣೆಗೆ ಬೇರೆ ಗುಂಪು, ಒಂದು ಹಂಗಾಮಿನಲ್ಲಿ ಒಂದು ಗುಂಪು ಒಂದೇ ಬಾರಿ ಎಂದಿಟ್ಟುಕೊಂಡರೆ ಲೆಕ್ಕ ಸುಲಭ.

ನಂಜುರೋಗದ ವಿಷಯ ಬೇರೆ. ಮೆಣಸಿನಕಾಯಿಯ ಮೊಸಾಯಿಕ್, ಪಪ್ಪಾಯಿಯ ಉಂಗುರ ಚುಕ್ಕೆ ರೋಗಗಳನ್ನು ರೆಕ್ಕೆಯ ಹೇನು ಹೊರಗಿನಿಂದ ಹೊತ್ತು ತಂದು, ಗಿಡವನ್ನು ಕ್ಷಣಮಾತ್ರ ಚುಚ್ಚಿ ನೋಡುವಾಗಲೇ ಅಂಟಿಸಿಬಿಡುತ್ತದೆ. ಔಷಧಿ ಕೊಲ್ಲುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಈ ರೋಗಕ್ಕೆಂದು ವಾರವಾರ ಹೊಡೆಯುವ ಕೀಟನಾಶಕದಿಂದ ರೋಗ ನಿಲ್ಲುವುದು ಅಪರೂಪ, ನಿರೋಧಕ ಹೇನು ಬೆಳೆಯುವುದು ಖಂಡಿತ. ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳ ಅಥವಾ ಜೋಳವನ್ನು ಮುಂಚಿತವಾಗಿ ಬಿತ್ತಿ, ರೋಗದ ಗಿಡಗಳನ್ನು ಕಂಡ ಕೂಡಲೇ ಕಿತ್ತುಹಾಕಿ.

ಆ ಬೆಳೆಗಾರರು ಮರುವರ್ಷ ಗೋಡೆಯ ಪಂಚಾಂಗದ ಮೇಲೆ ಪ್ರತಿ ಸಿಂಪರಣೆಯ ದಿನಕ್ಕೆ ತಾಂತ್ರಿಕ ಹೆಸರನ್ನು ಮಗಳ ಕೈಯಲ್ಲಿ ಬರೆಸಿದ್ದರು. ಎರಡೇ ಕಡೆ ಬರಹವಿತ್ತು, ಒಂದು ಬೇವು. ಯಾವ ಔಷಧಿಗೆ ಯಾವ ಬೆಳೆಯ ಮೇಲೆ ಅನುಮತಿ ಇದೆಯೆಂಬುದು ಆಗಾಗ ಬದಲಾಗುತ್ತದೆ. ಉದಾಹರಣೆಗೆ ತರಕಾರಿಗಳ ಮೇಲೆ ಮಾನೋಕ್ರೋಟೋಫಾಸ್ ಬಳಕೆಯನ್ನು 2005ರಲ್ಲೇ ನಿಷೇಧಿಸಲಾಯಿತು. ಕೊಳ್ಳುವ ಮೊದಲು ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರು ಇದೆಯೇ ನೋಡಿ. ಗುಂಪು ತಿಳಿಯದಿದ್ದರೆ ಹಿಂದೆ ಬಳಸಿದ ಔಷಧಿಗಳ ಹೆಸರನ್ನು ಬರೆದುಕೊಂಡು, ಹೇನಿರುವ ಎರಡು ಕುಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಬನ್ನಿ.